ಮೇಲಿನ ಹಲಗೆಯ ಪುಸ್ತಕ

ಮಕ್ಕಳ ಕಥೆಯಲ್ಲಿ ಯಾರಿಗಾದರೂ ಪೆಟ್ಟು ಬಿದ್ದರೆ ಅವರಿಗೆ ನೋವಾಗಬೇಕು. ಕಾಂತಿಯಕ್ಕನ ಮೊದಲ ಕಾನೂನು ಇದು. ಮೂಡುಬಿದಿರೆಯ ಪುಸ್ತಕದಂಗಡಿಗೆ ಹೋದರೆ ಅವಳು ಮುಖಪುಟದ ಬಣ್ಣಕ್ಕೆ ಮರುಳಾಗುವುದಿಲ್ಲ. ‘ಆರರಿಂದ ಎಂಟು ವರ್ಷದವರಿಗೆ’ ಎಂದು ಹಿಂಬದಿಯಲ್ಲಿ ಅಚ್ಚು ಹಾಕಿದ್ದನ್ನಂತೂ ಓದುವುದೇ ಇಲ್ಲ. ನಿಂತಲ್ಲೇ ಪುಟ ತಿರುವಿ, ಯಾರೋ ಯಾರಿಗೋ ಹೊಡೆಯುವ ಜಾಗ ಹುಡುಕುತ್ತಾಳೆ. ಹೊಡೆಸಿಕೊಂಡವನು ಮುಂದಿನ ಸಾಲಿನಲ್ಲೇ ಎದ್ದು ನಗುತ್ತ ಓಡಿದರೆ ಆ ಪುಸ್ತಕ ಅಂಗಡಿಯಲ್ಲೇ ಉಳಿಯುತ್ತದೆ. “ಇದರಲ್ಲಿ ಸುಳ್ಳುಂಟು. ಪೆಟ್ಟು ತಿಂದವರು ಹಾಗೆ ಏಳುದಿಲ್ಲ” ಎಂದು ಅಂಗಡಿಯವರಿಗೆ ಹೇಳಿಯೇ ಬರುತ್ತಾಳೆ.

ಅದು ಅವಳಿಗೆ ಗೊತ್ತಿರುವ ವಿಷಯ. ಮದುವೆಯಾದ ಹೊಸತರಲ್ಲಿ ಗಂಡ, ತಾನು ನಡೆಸುತ್ತಿದ್ದ ಹೋಟೆಲಿನ ಅಡುಗೆಮನೆಯಲ್ಲಿ, ಕೆಲಸದವರೆಲ್ಲ ನೋಡುತ್ತಿದ್ದ ಹಾಗೆ ಅವಳ ಎಡಕೆನ್ನೆಗೆ ಬಾರಿಸಿದ. ಸಾಂಬಾರಿನ ಸೌಟು ಹಿಡಿದವನು ಸೌಟು ಬಿಡಲಿಲ್ಲ, ದೋಸೆ ಹೊಯ್ಯುತ್ತಿದ್ದವನು ದೋಸೆ ಮಗುಚಿ ಹಾಕಿದ. ಅಂದಿನಿಂದ ಕಾಂತಿಗೆ ಎಡಗಿವಿ ಕೇಳುವುದಿಲ್ಲ. ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಊರಿಗೆ ಬಂದವಳು ಮತ್ತೆ ಹೋಗಲಿಲ್ಲ. ಕೇಳದ ಕಿವಿಯ ಬಗ್ಗೆ ಅವಳಿಗೆ ಅಷ್ಟು ಬೇಸರವಿಲ್ಲ. ಆ ದೋಸೆ ಮಗುಚಿದ ಕೈಯನ್ನು ಮಾತ್ರ ಅವಳು ಇವತ್ತಿಗೂ ಕ್ಷಮಿಸಿಲ್ಲ.

ಸಿದ್ಧಕಟ್ಟೆಯಿಂದ ಒಳಗೆ ಹೋಗುವ ರಸ್ತೆಯಲ್ಲಿ, ಅಬ್ದುಲ್ ಹಕೀಂ ಅವರ ಜೀನಸು ಅಂಗಡಿಗೆ ತಾಗಿ, ಯುವಕ ಮಂಡಲದ ಒಂದು ಕೋಣೆ ಇದೆ. ಹೆಸರು ಯುವಕ ಮಂಡಲ. ಸದಸ್ಯರೆಲ್ಲ ತಲೆ ನರೆತವರು. ಕೋಣೆಯಲ್ಲಿ ಮಕ್ಕಳ ಗ್ರಂಥಾಲಯ ಮಾಡಿದವಳು ಕಾಂತಿ. ಕಬ್ಬಿಣದ ಕಪಾಟಿನ ಕೆಳಗಿನ ಹಲಗೆ ಚಾಪೆಯ ಮೇಲೆ ಕೂರುವ ಸಣ್ಣವರದ್ದು. ನಡುವಿನದು ಸರಾಗ ಓದಲು ಬಂದವರದ್ದು. ಮೇಲಿನದು ಹೈಸ್ಕೂಲಿನವರದ್ದು, ಅದನ್ನು ಅವಳೇ ತೆಗೆದುಕೊಡಬೇಕು. ಎದುರಿನ ಗೋಡೆಗೆ ಪೇಪರು ಓದುವ ದೊಡ್ಡವರ ಹಲಗೆ.

ಯಾವ ಪುಸ್ತಕ ಯಾವ ಹಲಗೆಗೆ ಎನ್ನುವುದನ್ನು ತೀರ್ಮಾನ ಮಾಡುವುದು ಮಕ್ಕಳ ಕಾಲು. ಹೊಸ ಪುಸ್ತಕ ಬಂದರೆ ಕಾಂತಿ ಗಟ್ಟಿಯಾಗಿ ಓದುತ್ತಾಳೆ, ಕಣ್ಣು ಮಾತ್ರ ಬೆಂಚಿನ ಕೆಳಗೆ. ಹುಲಿ ಬಂದಾಗ ಕಾಲು ಆಡಿಸುತ್ತಿದ್ದರೆ ಕಥೆ ಸಪ್ಪೆ. ಕಾಲು ನಿಂತರೆ ಸರಿಯಾದ ಪುಸ್ತಕ. ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಂಡರೆ ಆ ಕಥೆ ಅವರಿಗೆ ಭಾರವಾಯಿತು, ಒಂದು ಹಲಗೆ ಮೇಲೆ ಹೋಗಬೇಕು. ಮಂಡಲದವರು ದಾನವಾಗಿ ಬಂದ ನೀತಿಕಥೆಗಳ ಕಟ್ಟು ತಂದಿಟ್ಟಾಗ ಅವಳು ಅದರಲ್ಲಿ ಮುಕ್ಕಾಲು ಪಾಲನ್ನು ಹಕೀಂ ಅವರಿಗೆ ಕಡಲೆ ಕಟ್ಟಲಿಕ್ಕೆ ಕೊಟ್ಟಳು. “ರಕ್ತ, ರಾಕ್ಷಸ ಎಲ್ಲ ಮಕ್ಕಳಿಗೆ ಯಾಕೆ ಕಾಂತಿಯಕ್ಕ?” ಎಂದು ಕೇಳಿದವರಿಗೆ ಅವಳ ಉತ್ತರ ಒಂದೇ. “ನಿಮ್ಮ ಮನೆಯಲ್ಲಿ ಇಲ್ವಾ? ಪುಣ್ಯವಂತರು.”

ನಿಖಿತಾ ಐದನೇ ಕ್ಲಾಸಿನ ಹುಡುಗಿ. ನಡುವಿನ ಹಲಗೆಯನ್ನು ಓದಿ ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದವಳು. ಅಪ್ಪ ತರುಣ್ ದುಬೈಯ ಕೆಲಸ ಬಿಟ್ಟು ಬಂದು ಟಿಪ್ಪರ್ ಇಟ್ಟುಕೊಂಡಿದ್ದ. ಅಮ್ಮ ಸುಪ್ರೀತಾ ಮಾತು ಕಮ್ಮಿ, ಸೆಕೆಯಲ್ಲೂ ಉದ್ದ ತೋಳಿನ ರವಿಕೆ. ಆ ತೋಳು ಯಾಕೆ ಉದ್ದ ಎಂದು ಊರಿಗೆಲ್ಲ ಗೊತ್ತಿತ್ತು, ಕೇಳಿದವರಿಲ್ಲ. ಒಂದು ಸಂಜೆ ನಿಖಿತಾ ಬಂದಾಗ ಅವಳ ಕೆನ್ನೆಯೂ ಊದಿತ್ತು.

“ಎಂತಾಯ್ತು?”

“ಬಿದ್ದದ್ದು.”

ಬಿದ್ದರೆ ಮೊಣಕಾಲು ತರಚುತ್ತದೆ, ಕೆನ್ನೆಯ ಮೇಲೆ ಬೆರಳು ಮೂಡುವುದಿಲ್ಲ. ಕಾಂತಿಗೆ ಅರ್ಥವಾಯಿತು. ಆಗಲೇ ಎದ್ದು ಚಪ್ಪಲಿ ಮೆಟ್ಟಿ ಆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಬಾಯಿ ಬಿಟ್ಟು ಕೇಳಬೇಕಾದ ಕೆಲಸವನ್ನು ಒಂದು ಪುಸ್ತಕದ ತಲೆಗೆ ಕಟ್ಟಿದಳು. ಮೇಲಿನ ಹಲಗೆಯಿಂದ ತೆಳ್ಳಗಿನ ಒಂದು ಪುಸ್ತಕ ತೆಗೆದು, ಕಾಲಿನ ಪರೀಕ್ಷೆಯನ್ನೂ ಮಾಡದೆ, ಹುಡುಗಿಯ ಕೈಯಲ್ಲಿಟ್ಟಳು.

ಆ ಕಥೆಯಲ್ಲಿ ಒಬ್ಬ ರಾಕ್ಷಸ. ಸಂಜೆಯಾದರೆ ಒಂದು ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ಕುಡಿಯುತ್ತಾನೆ, ಹೊಡೆಯುತ್ತಾನೆ. ಆ ಮನೆಯ ಹುಡುಗಿ, ರಾಕ್ಷಸ ಭತ್ತದ ಕೋಣೆಗೆ ನುಗ್ಗಿದಾಗ ಹೊರಗಿನಿಂದ ಚಿಲಕ ಹಾಕಿ, ಅಂಗಳದಲ್ಲಿ ನಿಂತು ಕೊಪ್ಪರಿಗೆ ಬಡಿಯುತ್ತಾಳೆ. ಊರಿನವರು ಒಬ್ಬೊಬ್ಬರಾಗಿ ಬರುತ್ತಾರೆ. ಒಬ್ಬ ಬಂದ ಹಾಗೆ ರಾಕ್ಷಸ ಒಂದು ಗೇಣು ಸಣ್ಣವನಾಗುತ್ತಾನೆ. ಕೊನೆಗೆ ಇಡೀ ಊರು ಅಂಗಳದಲ್ಲಿ ತುಂಬಿದಾಗ ಬಾಗಿಲ ಅಡಿಯಿಂದ ಒಂದು ಇಲಿ ಓಡಿಹೋಗುತ್ತದೆ.

ನಿಖಿತಾ ಅದನ್ನು ಮೂರ್ನಾಲ್ಕು ಸಲ ಓದಿದಳು. ಗ್ರಂಥಾಲಯದ ಜಗಲಿಯಲ್ಲಿ ಕೂತು ಚಾಪೆಯ ಮಕ್ಕಳಿಗೆಲ್ಲ ಹೇಳಿದಳು. ಹೈಸ್ಕೂಲಿನವರು ಅದನ್ನು ಕಥೆ ಎಂದು ಓದಿ ಇಟ್ಟಿದ್ದರು. ಇವಳು, ಅಡುಗೆ ಕಲಿಯುವವರು ಅಡುಗೆಪುಸ್ತಕ ಓದುವ ಹಾಗೆ ಓದಿದಳು.

ಆ ಭಾನುವಾರ ತರುಣ್ ಕೋಳಿ ಅಂಕಕ್ಕೆ ಹೋಗಿದ್ದ. ತಿಂಗಳುಗಟ್ಟಲೆ ಕೈತುತ್ತು ಕೊಟ್ಟು ಸಾಕಿದ ಹುಂಜ ಮೊದಲ ನೆಗೆತಕ್ಕೇ ಎದುರಿನ ಹುಂಜದ ಕಾಲಿನ ಕತ್ತಿಗೆ ಸಿಕ್ಕಿ ಕರುಳು ಬಿಟ್ಟಿತು. ಸೋತ ಕೋಳಿ ಗೆದ್ದವನಿಗೆ ಹೋಗುತ್ತದೆ, ಅದು ಅಂಕದ ಕಟ್ಟಳೆ. ಹಾಗಾಗಿ ಅವನು ಬರಿಗೈಯಲ್ಲಿ, ಅಂಗಿಯ ಮೇಲೆ ಕೋಳಿಯ ರಕ್ತ, ಹೊಟ್ಟೆಯಲ್ಲಿ ಸಾರಾಯಿ ಹೊತ್ತು ಮನೆಗೆ ಬಂದ. ಸುಪ್ರೀತಾ ಕೋಳಿ ಬರುತ್ತದೆಂದು ಮಸಾಲೆ ಅರೆದಿಟ್ಟಿದ್ದಳು. ಅರೆದ ಮಸಾಲೆ ನೋಡಿದ್ದೇ ಅವನಿಗೆ ಪಿತ್ತ ನೆತ್ತಿಗೇರಿತು. ನಗಾಡಲಿಕ್ಕೆ ಅರೆದದ್ದಾ ಎಂದು ಕೇಳಿ ಜುಟ್ಟು ಹಿಡಿದು ಅವಳ ಮುಖವನ್ನು ಅರೆಯುವ ಕಲ್ಲಿಗೆ ಬಡಿದ. ಮತ್ತೊಮ್ಮೆ ಬಡಿದ. ಆಮೇಲೆ ಸೊಂಟದ ಬೆಲ್ಟು ಬಿಚ್ಚಿದ. ಕೈ ಸೋತ ಮೇಲೆ, ರಕ್ತ ತೊಳೆಯಲು ಅಂಗಳದ ಬದಿಯ ಬಚ್ಚಲು ಮನೆಗೆ ಹೋದ.

ನಿಖಿತಾ ಓಡಿಬಂದು ಹೊರಗಿನಿಂದ ಚಿಲಕ ಹಾಕಿದಳು. ಕೊಪ್ಪರಿಗೆ ಇರಲಿಲ್ಲ, ಎಣ್ಣೆಯ ಖಾಲಿ ಡಬ್ಬಿ ಇತ್ತು. ಅಂಗಳದ ನಡುವೆ ನಿಂತು ಸೌದೆಯಿಂದ ಬಡಿಯತೊಡಗಿದಳು.

ಆ ಊರಿನಲ್ಲಿ ಮುಸ್ಸಂಜೆ ಡಬ್ಬಿ ಬಡಿಯುವುದು ಮಂಗ ಓಡಿಸಲಿಕ್ಕೆ. ಹಲಸಿನ ಮರಕ್ಕೆ, ತೆಂಗಿಗೆ ಮಂಗಗಳು ದಾಳಿ ಇಡುವ ಹೊತ್ತು ಅದು. ಒಂದಲ್ಲ ಒಂದು ಮನೆಯಲ್ಲಿ ಡಬ್ಬಿ ಕೇಳಿಯೇ ಕೇಳುತ್ತದೆ. ಗದ್ದೆಯಾಚೆಯ ತನ್ನ ಮನೆಯಲ್ಲಿ ಕಾಂತಿ ಹೊಸ ಪುಸ್ತಕವೊಂದನ್ನು ಓದುತ್ತಿದ್ದಳು. ಬಲಗಿವಿಗೆ ಶಬ್ದ ಬಿತ್ತು. ಇವತ್ತು ಮಂಗಗಳ ಹಿಂಡು ದೊಡ್ಡದುಂಟು ಎಂದುಕೊಂಡು ಪುಟ ಮಗುಚಿದಳು. ಸುಪ್ರೀತಾಳ ಪಕ್ಕದ ಮನೆಯ ಚಿನ್ನಯ್ಯನವರಿಗೆ ಡಬ್ಬಿಯ ಜೊತೆ ಬೇರೆ ಶಬ್ದವೂ ಕೇಳಿತು. ಅವರು ಟಿ.ವಿ.ಯ ವಾಲ್ಯೂಮು ಏರಿಸಿದರು.

ಬಚ್ಚಲಿನ ಬಾಗಿಲು ಹಳೆಯದು. ತರುಣ್ ಒದ್ದ ಹೊಡೆತಕ್ಕೆ ಕೀಲು ಕಿತ್ತುಬಂತು. ಡಬ್ಬಿ ಬಡಿಯುತ್ತಲೇ ಇದ್ದ ಮಗಳನ್ನು ಎತ್ತಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಸೆದ. ಸುಪ್ರೀತಾ ಮುರಿದ ಮುಖದಲ್ಲೇ ಬಂದು ಅಡ್ಡ ಬಿದ್ದಳು. ಮಗಳಿಗೆ ಬೀಳಬೇಕಾದ ಸೌದೆಯ ಪೆಟ್ಟು ಅವಳ ಮೊಣಕೈಗೆ ಬಿತ್ತು, ಕೈ ಉಲ್ಟಾ ತಿರುಗಿ ನೇತಾಡಿತು. ಅವನು ದಣಿಯುವ ತನಕ ಹೊಡೆದ. ದಣಿದ ಮೇಲೆ ಚಾವಡಿಯಲ್ಲಿ ಮಲಗಿ ನಿದ್ದೆ ಹೋದ.

ಬೆಳಿಗ್ಗೆ ಹಾಲು ಕೊಡಲು ಬಂದವಳು ನೋಡಿ ಬೊಬ್ಬೆ ಹಾಕಿದಳು. ಹಕೀಂ ತಮ್ಮ ಓಮ್ನಿಯಲ್ಲಿ ತಾಯಿ ಮಗಳನ್ನು ಬಂಟ್ವಾಳದ ಆಸ್ಪತ್ರೆಗೆ ಸೇರಿಸಿ, ಅಂಗಡಿಗೆ ಬಂದು, ಸೀಟಿನ ರಕ್ತ ಒರೆಸುತ್ತಿದ್ದಾಗ ಕಾಂತಿ ಬಂದಳು. ಅಲ್ಲಿ ಆಗಲೇ ಜನ ಸೇರಿದ್ದರು.

“ನಾವು ಮಂಗ ಅಂತಲೇ ಗ್ರಹಿಸಿದ್ದು ಮಾರಾಯ್ರೆ” ಎಂದರು ಚಿನ್ನಯ್ಯ. ಎಲ್ಲರೂ ಹೌದು ಹೌದು ಎಂದರು. ಕಾಂತಿಯ ಮುಖ ನೋಡಿ ಅವರು ಸಮಾಧಾನಕ್ಕೆಂದು ಸೇರಿಸಿದರು, “ನಿಮಗೆ ಹೇಗೂ ಒಂದು ಕಿವಿ ಕೇಳುದಿಲ್ಲ. ನಿಮ್ಮ ತಪ್ಪು ಎಂತ ಉಂಟು?”

“ಇನ್ನೊಂದು ಕೇಳ್ತದೆ ಚಿನ್ನಯ್ಯಣ್ಣ” ಎಂದಳು ಕಾಂತಿ.

ಆಸ್ಪತ್ರೆಯಲ್ಲಿ ಸುಪ್ರೀತಾ ಹಲ್ಲು ಮುರಿದ ಬಾಯಿಯಲ್ಲಿ ಡಾಕ್ಟರಿಗೆ ‘ಪಾಚಿಯಲ್ಲಿ ಜಾರಿದ್ದು’ ಎಂದು ಹೇಳಿ ಗೋಡೆಯ ಕಡೆ ತಿರುಗಿದ್ದಳು. ನಿಖಿತಾಳ ಹಣೆಗೆ ಹೊಲಿಗೆ ಬಿದ್ದಿತ್ತು. ಕಾಂತಿ ಚೀಲದಲ್ಲಿ ಎರಡು ಪುಸ್ತಕ ಹಾಕಿಕೊಂಡು ಹೋಗಿದ್ದಳು, ಅಭ್ಯಾಸಬಲ. ಹುಡುಗಿ ಅವನ್ನು ಮುಟ್ಟಲಿಲ್ಲ.

“ಬೇಡ ಕಾಂತಿಯಕ್ಕ.”

“ಯಾಕೆ ಮಗಾ?”

“ನೀವು ಕೊಟ್ಟ ಪುಸ್ತಕದಲ್ಲಿ ಸುಳ್ಳುಂಟು. ನಾನು ಚಿಲಕ ಹಾಕಿದೆ. ಕೈ ಸೋಲುವವರೆಗೆ ಬಡಿದೆ. ಯಾರೂ ಬರ್ಲಿಲ್ಲ.”

ಕಾಂತಿ ಇಷ್ಟು ವರ್ಷದಲ್ಲಿ ಎಷ್ಟೋ ಪುಸ್ತಕಗಳನ್ನು ಇದೇ ಮಾತು ಹೇಳಿ ತಿರಸ್ಕರಿಸಿದ್ದಳು. ಅದೇ ಮಾತು ಈಗ ತಿರುಗಿ ಅವಳ ಎದೆಗೇ ಬಂತು. ನಾನೂ ಕೇಳಿದ್ದೆ, ನಾನೂ ಪುಟ ಮಗುಚಿದೆ ಎಂದು ಹುಡುಗಿಗೆ ಹೇಳಿದಳು. ದೋಸೆ ಮಗುಚಿದವನ ಕೈ ಈಗ ಕಾಂತಿಗೆ ತನ್ನದೇ ಕೈಯಾಗಿ ಕಂಡಿತು, ಬಂಟ್ವಾಳದಿಂದ ಬರುವ ಬಸ್ಸಿನಲ್ಲಿ ಅವಳು ಅದನ್ನು ಸೆರಗಿನಲ್ಲಿ ಮುಚ್ಚಿ ಕೂತಳು.

ಸುಪ್ರೀತಾ ಮಗಳನ್ನು ಕರೆದುಕೊಂಡು ಆಸ್ಪತ್ರೆಯಿಂದ ಮಡಂತ್ಯಾರಿನ ದೊಡ್ಡಮ್ಮನ ಮನೆಗೆ ಹೋದಳು. ಆ ವಾರವೇ ಒಂದು ಸಂಜೆ, ಮಕ್ಕಳು ಚಾಪೆಯ ಮೇಲೆ ಇರುವಾಗ, ತರುಣ್ ಗ್ರಂಥಾಲಯಕ್ಕೆ ನುಗ್ಗಿದ. ಒಂದು ಕೈಯಲ್ಲಿ ಮಗಳ ಶಾಲೆಯ ಚೀಲದಲ್ಲಿ ಸಿಕ್ಕಿದ ಆ ಪುಸ್ತಕ, ಇನ್ನೊಂದರಲ್ಲಿ ತೆಂಗಿನಕಾಯಿ ಕೆತ್ತುವ ಕತ್ತಿ.

“ಅಪ್ಪನನ್ನು ಕೂಡಿ ಹಾಕ್ಲಿಕ್ಕೆ ಕಲಿಸುದಾ ನೀನು? ಗಂಡನ ಮನೆಯಲ್ಲಿ ಬಾಳದವಳು!”

ಪುಸ್ತಕವನ್ನು ಬೆನ್ನಿನಿಂದ ಎರಡಾಗಿ ಹರಿದು ಅವಳ ಮುಖಕ್ಕೆ ಎಸೆದ. ಕಪಾಟಿಗೆ ಭುಜ ಕೊಟ್ಟು ದೂಡಿದ. ಮೂರು ಹಲಗೆಯ ಪುಸ್ತಕಗಳೂ ಒಂದರ ಮೇಲೊಂದು ಸುರಿದವು. ಸಣ್ಣವರು ಅತ್ತುಕೊಂಡು ಗೋಡೆಗೆ ಅಂಟಿದರು. ಕಾಂತಿ ಮಕ್ಕಳಿಗೆ ಅಡ್ಡ ನಿಂತಳು. ಅವನು ಕತ್ತಿಯ ಹಿಡಿಯಿಂದಲೇ ಅವಳ ಬಲಗಿವಿಯ ಮೇಲೆ ಅಪ್ಪಳಿಸಿದ.

ಲೋಕದ ಶಬ್ದವೆಲ್ಲ ಒಮ್ಮೆಲೇ ನಿಂತಿತು. ಮೊಣಕಾಲೂರಿ ಬಿದ್ದ ಕಾಂತಿಗೆ ಅವನ ಬಾಯಿ ಆಡುವುದು ಕಾಣುತ್ತಿತ್ತು, ಕತ್ತಿ ಮೇಲೇರುವುದು ಕಾಣುತ್ತಿತ್ತು. ಎರಡು ಕಿವಿಯೂ ಹೋಯಿತು, ಇನ್ನು ಯಾವ ಮಗು ಕರೆದರೂ ನನಗೆ ಕೇಳುವುದಿಲ್ಲ ಎಂಬ ಹೆದರಿಕೆ ಕತ್ತಿಯ ಹೆದರಿಕೆಗಿಂತ ದೊಡ್ಡದಾಗಿ ಬಂತು. ಆಗ ಬಾಗಿಲ ಬಳಿ ಹಕೀಂ ಅವರ ಮೊಮ್ಮಗಳು ಸಜ್ನಾ ಕಂಡಳು. ಒಂದನೇ ಕ್ಲಾಸಿನ ಹುಡುಗಿ. ಕಸದ ಡಬ್ಬಿಯನ್ನು ಕವುಚಿ ಹಾಕಿಕೊಂಡು, ಪಟ್ಟಿ ಕೋಲಿನಿಂದ ಬಡಿಯುತ್ತಿದ್ದಳು. ನಿಖಿತಾ ಹೇಳಿದ ಕಥೆ ಅವಳಿಗೆ ಪಾಠವಾಗಿತ್ತು. ಕಾಂತಿಗೆ ಆ ಶಬ್ದ ಸ್ವಲ್ಪವೂ ಕೇಳಲಿಲ್ಲ, ಆ ಸಣ್ಣ ಕೈ ಏರಿಳಿಯುವುದು ಮಾತ್ರ ಕಂಡಿತು.

ಬೇರೆಯವರಿಗೆ ಕೇಳಿತು. ಹಕೀಂ ತಕ್ಕಡಿಯ ಕಬ್ಬಿಣದ ತೂಕದ ಕಲ್ಲು ಹಿಡಿದೇ ಓಡಿಬಂದರು. ಬಸ್ಸಿಗೆ ಕಾದವರು ಬಂದರು, ಕ್ಷೌರದಂಗಡಿಯಿಂದ ಅರ್ಧ ಗಡ್ಡದವನೊಬ್ಬ ಬಂದ, ಚಿನ್ನಯ್ಯ ಬಂದರು. ಹಕೀಂ ಬೀಸಿದ ಕಲ್ಲಿಗೆ ತರುಣನ ಮಣಿಕಟ್ಟು ಮುರಿದು ಕತ್ತಿ ಪುಸ್ತಕಗಳ ಮೇಲೆ ಬಿತ್ತು. ಆಮೇಲೆ ಎಲ್ಲರೂ ಸೇರಿ ಅವನಿಗೆ ಬಡಿದರು. ಇಷ್ಟು ದಿನ ಸುಮ್ಮನಿದ್ದ ನಾಚಿಕೆಗೆಲ್ಲ ಅವನ ಬೆನ್ನು ಸಿಕ್ಕಿತು. ಚಾಪೆಯ ಮೇಲೆ ಮುದುಡಿ ಬಿದ್ದು, ಮೂಗಿನಿಂದ ರಕ್ತ ಸುರಿಸುತ್ತ ‘ಬೇಡಿ ಅಣ್ಣ, ಬೇಡಿ’ ಎಂದು ಬೇಡಿಕೊಳ್ಳುವಾಗ ಅವನು ನಿಜಕ್ಕೂ ಸಣ್ಣವನಾಗಿ ಕಂಡ.

“ಸಾಕು! ಮಕ್ಕಳು ನೋಡ್ತಾ ಇದ್ದಾರೆ!”

ಕಾಂತಿ ತನಗೇ ಕೇಳದ ದನಿಯಲ್ಲಿ ಕಿರುಚಿದಳು. ಎಲ್ಲರೂ ಕೈ ಬಿಟ್ಟರು. ಅವಳು ಗೋಡೆ ಹಿಡಿದು ಎದ್ದು ನಿಂತು, ಅದೇ ದನಿಯಲ್ಲಿ ಹೇಳಿದಳು: “ನನ್ನ ಕಪಾಟು ಬಿದ್ದದ್ದಕ್ಕೆ ಎಷ್ಟು ಬೇಗ ಬಂದಿರಿ! ಭಾನುವಾರ ಎಲ್ಲಿದ್ರಿ? ನಾನು ಎಲ್ಲಿದ್ದೆ?” ಯಾರಾದರೂ ಉತ್ತರ ಕೊಟ್ಟರೋ ಇಲ್ಲವೋ, ಅವಳಿಗೆ ಕೇಳುತ್ತಿರಲಿಲ್ಲ.

ಬಲಗಿವಿ ಮೆಲ್ಲಗೆ ತೆರೆಯಿತು, ಪೂರ್ತಿಯಲ್ಲ. ತಲೆಯ ಪಟ್ಟಿ ಬಿಚ್ಚುವ ಮೊದಲೇ ಅವಳು ಮಡಂತ್ಯಾರಿಗೆ ಹೋಗಿ ಸುಪ್ರೀತಾಳ ಎದುರು ಕೂತಳು. “ನಾನು ನನ್ನ ಕಿವಿಯ ಲೆಕ್ಕದಲ್ಲಿ ದೂರು ಕೊಡ್ತೇನೆ. ನೀನು ನಿನ್ನ ಕೈಯ ಲೆಕ್ಕದಲ್ಲಿ ಕೊಡು. ಒಟ್ಟಿಗೆ ಹೋಗುವ.” ಸುಪ್ರೀತಾ ಉದ್ದ ತೋಳನ್ನು ತಾನೇ ಮೇಲಕ್ಕೆ ಸರಿಸಿದಳು. ಠಾಣೆಯಲ್ಲಿ ಪಾಚಿಯ ಮಾತು ಬರಲಿಲ್ಲ.

ತರುಣ್ ಜೈಲಿಗೆ ಹೋದ, ಜಾಮೀನಿನ ಮೇಲೆ ಬಂದ. ಮನೆ ಸುಪ್ರೀತಾಳ ತಾಯಿಯ ಕಡೆಯದು, ಹಾಗಾಗಿ ತಾಯಿ ಮಗಳು ಅಲ್ಲಿಗೇ ಮರಳಿದರು. ಅವನು ಗುರುವಾಯನಕೆರೆಯಲ್ಲಿ ಅಕ್ಕನ ಮನೆ ಸೇರಿದ. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಒಂದು ದಿನ ಬರ್ತೇನೆ, ಯಾರು ತಡೀತಾರೆ ನೋಡುವ’ ಎಂದು ಅವನು ಹೇಳಿದ್ದು ಊರಿಗೆ ಮುಟ್ಟಿತು. ನಿಖಿತಾ ಗ್ರಂಥಾಲಯಕ್ಕೆ ಬರುತ್ತಿರಲಿಲ್ಲ. ಸಂಜೆಯಾದರೆ ಜಗಲಿಯಲ್ಲಿ ಗೇಟಿನತ್ತ ಮುಖ ಮಾಡಿ ಕೂರುತ್ತಿದ್ದಳು.

ಕಾಂತಿ ಹರಿದ ಪುಸ್ತಕವನ್ನು ಗೋಂದು ಹಚ್ಚಿ ಜೋಡಿಸಿದಳು. ತನ್ನ ಕಾನೂನಿನ ಪ್ರಕಾರ ಅದನ್ನು ಎಸೆಯಬೇಕಿತ್ತು. ಎಸೆಯಲಿಕ್ಕೆ ಮನಸ್ಸು ಬರಲಿಲ್ಲ. ಸುಳ್ಳು ಪುಸ್ತಕದಲ್ಲಿದೆಯೋ ಊರಿನಲ್ಲಿದೆಯೋ ಎಂದು ಅವಳಿಗೆ ತೀರ್ಮಾನವಾಗಬೇಕಿತ್ತು. ಮಂಡಲದ ತಿಂಗಳ ಸಭೆಯಲ್ಲಿ, ವಾರ್ಷಿಕೋತ್ಸವದ ಊಟದ ಚರ್ಚೆ ಮುಗಿದ ಕೂಡಲೇ ಎದ್ದು ನಿಂತಳು. “ಒಂದು ಮಕ್ಕಳ ಕಥೆ ಓದ್ತೇನೆ. ಯಾರೂ ಏಳುದು ಬೇಡ.”

ಓದಿದಳು. ಮೊದಲು ಒಬ್ಬಿಬ್ಬರು ನಕ್ಕರು. ಹುಡುಗಿ ಕೊಪ್ಪರಿಗೆ ಬಡಿಯುವ ಪುಟ ಬಂದಾಗ ಕಾಂತಿ ಅಭ್ಯಾಸದಂತೆ ಬೆಂಚಿನ ಕೆಳಗೆ ನೋಡಿದಳು. ಪಂಚೆಯ ಕಾಲು, ಪ್ಯಾಂಟಿನ ಕಾಲು, ಎಲ್ಲವೂ ಒಳಗೆ ಎಳೆದುಕೊಂಡಿದ್ದವು. ಚಿನ್ನಯ್ಯನವರ ಒಣಗಿದ ಪಾದಗಳು ಒಂದರ ಹಿಂದೆ ಒಂದು ಅಡಗಲು ನೋಡುತ್ತಿದ್ದವು. ಅವಳ ಲೆಕ್ಕದಲ್ಲಿ ಕಥೆ ಇವರಿಗೂ ಭಾರ, ಒಂದು ಹಲಗೆ ಮೇಲೆ ಹೋಗಬೇಕು. ದೊಡ್ಡವರ ಹಲಗೆಯ ಮೇಲೆ ಬೇರೆ ಹಲಗೆ ಇರಲಿಲ್ಲ. ಅಲ್ಲಿಯೇ, ಪೇಪರುಗಳ ಪಕ್ಕದಲ್ಲಿ, ಆ ಪುಸ್ತಕವನ್ನು ಎದುರಿಗೆ ಕಾಣುವಂತೆ ಇಟ್ಟು ಮನೆಗೆ ಹೋದಳು.

ಹಲಸು ಹಣ್ಣಾಗುವ ಕಾಲ ಬಂತು. ಒಂದು ಮುಸ್ಸಂಜೆ ಕಾಂತಿ ದೀಪ ಹಚ್ಚುತ್ತಿದ್ದಾಗ ಅರೆಗಿವಿಗೆ ಡಬ್ಬಿಯ ಶಬ್ದ ಬಿತ್ತು. ಸುಪ್ರೀತಾಳ ಮನೆಯ ದಿಕ್ಕು. ದೀಪ ಅಲ್ಲಿಗೇ ಬಿಟ್ಟು, ಬಾಗಿಲ ಹಿಂದಿನ ದೊಣ್ಣೆ ಹಿಡಿದು ಗದ್ದೆಯ ಅಂಚಿಗೆ ಓಡಿದಳು. ಐವತ್ತು ದಾಟಿದ ಕಾಲು, ಎಡವಿದಳು, ಎದ್ದಳು. ಎದುರಿನ ಓಣಿಯಿಂದ ಹಕೀಂ ಬರುತ್ತಿದ್ದರು, ಕೈಯಲ್ಲಿ ಅದೇ ತೂಕದ ಕಲ್ಲು. ಅವರ ಹಿಂದೆ ಕ್ಷೌರದಂಗಡಿಯವನು, ಹಾಲಿನವಳು, ಸಭೆಯಲ್ಲಿ ಕಾಲು ಎಳೆದುಕೊಂಡಿದ್ದ ನಾಲ್ಕಾರು ಜನ, ಯಾರ ಕೈಯೂ ಖಾಲಿ ಇರಲಿಲ್ಲ. ಗೇಟಿನ ಹತ್ತಿರ ಸುಪ್ರೀತಾ ಸರಿಯಿದ್ದ ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ನಿಖಿತಾ.

“ನಮ್ಮಲ್ಲಿ ಅಲ್ಲ, ಆಚೆ!” ಎಂದಳು ಸುಪ್ರೀತಾ. ಎಲ್ಲರೂ ಚಿನ್ನಯ್ಯನವರ ಅಂಗಳಕ್ಕೆ ನುಗ್ಗಿದರು.

ಚಿನ್ನಯ್ಯ ಹಲಸಿನ ಮರದ ಬುಡದಲ್ಲಿ ಒಬ್ಬರೇ ನಿಂತು ಡಬ್ಬಿ ಬಡಿಯುತ್ತಿದ್ದರು. ಮೇಲಿನ ಕೊಂಬೆಯಲ್ಲಿ ಮಂಗಗಳು ಹಣ್ಣು ಸೀಳುತ್ತಿದ್ದವು. ದೊಣ್ಣೆ ಕತ್ತಿಗಳ ಅಷ್ಟು ಜನರನ್ನು ಕಂಡು ಮುದುಕರ ಕೈ ಗಾಳಿಯಲ್ಲೇ ನಿಂತಿತು.

“ಎಂತ? ಎಂತಾಯ್ತು? ಮಂಗ ಮಾರಾಯ್ರೆ, ಬರೀ ಮಂಗ!”

ಯಾರೂ ನಗಲಿಲ್ಲ. ನಿಖಿತಾ ಮುಂದೆ ಬಂದಳು. ಓಡಿದ್ದರಿಂದ ಏದುಸಿರು ಬಿಡುತ್ತಿದ್ದಳು, ಹಣೆಯ ಹೊಲಿಗೆಯ ಕಲೆ ಕೆಂಪಾಗಿತ್ತು.

“ಡಬ್ಬಿ ಕೇಳಿತು, ಚಿನ್ನಯ್ಯಜ್ಜ. ಅದಕ್ಕೆ ಬಂದದ್ದು.”

ಚಿನ್ನಯ್ಯ ಡಬ್ಬಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು. ಮೆಟ್ಟಿಲ ಮೇಲೆ ಕುಸಿದು ಕೂತು, ಹೆಗಲ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಸಮಾಧಾನ ಮಾಡಲು ಯಾರೂ ಅವಸರ ಮಾಡಲಿಲ್ಲ.

ಮರಳುವ ದಾರಿಯಲ್ಲಿ ನಿಖಿತಾ ಕಾಂತಿಯ ಬಲಬದಿಗೆ ಬಂದು ನಡೆದಳು, ಅವಳಿಗೆ ಕೇಳುವ ಬದಿಗೆ.

“ಕಾಂತಿಯಕ್ಕ, ಆ ಪುಸ್ತಕ ಇನ್ನೂ ಉಂಟಾ?”

“ಉಂಟು. ದೊಡ್ಡವರ ಹಲಗೆಯಲ್ಲಿ ಇಟ್ಟಿದ್ದೇನೆ. ನಿನಗೆ ತೆಗೆದುಕೊಡ್ಲಾ?”

ಹುಡುಗಿ ಸ್ವಲ್ಪ ದೂರ ಯೋಚಿಸುತ್ತ ನಡೆದಳು.

“ಬೇಡ. ಅಲ್ಲೇ ಇರಲಿ. ನನಗೆ ಬೇರೆ ಕೊಡಿ.”